ಹಳೆಯ ಟಿ.ವಿ. ಗೇಮ್ ಕಂಟ್ರೋಲರ್‌ಗೆ ಗಣಕದ ನಂಟು

ಕೃಷ್ಣಾ ತೀರದ ಸತ್ತಿಯಿರಲಿ, ಬೆಂಗಳೂರಿನ ಬಸವನಗುಡಿಯಿರಲಿ, ತೊಂಬತ್ತರ ದಶಕದಲ್ಲಿ ಬಣ್ಣದ ಟಿ.ವಿ. ಕಂಡ ಮನೆಯ ಅಟ್ಟವನ್ನು ಕೆದಕಿದರೆ ತನ್ನದೇ ತಂತಿಯನ್ನು ಸುತ್ತಿಕೊಂಡು ಮಲಗಿರುವ ವಿಡಿಯೊ ಗೇಮ್ ಕಂಟ್ರೋಲರ್ ಒಂದು ಸಿಕ್ಕರೆ ಅಚ್ಚರಿಯಿಲ್ಲ. ಲಿಟಲ್ ಮಾಸ್ಟರ್, ಮೀಡಿಯಾ, ಟರ್ಮಿನೇಟರ್ ಮುಂತಾದ ಹೆಸರುಗಳಲ್ಲಿ ಆ ಕಾಲದಲ್ಲಿ ಮಾರಾಟವಾದ ಯಂತ್ರಗಳು ಬಹುಮಟ್ಟಿಗೆ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್ ಯಂತ್ರದ ಪಡಿಯಚ್ಚುಗಳು. ಅವುಗಳಿಗೆ ಹಾಕುತ್ತಿದ್ದ ಆಟದ ಕಾರ್ಟ್ರಿಜ್‌ಗೆ ನಮ್ಮಲ್ಲಿ ಎಲ್ಲರೂ ಅಂದದ್ದು ‘ಕ್ಯಾಸೆಟ್’ ಎಂದೇ. ಆಡುವ ಮೊದಲು ಅದಕ್ಕೆ ಬಾಯಿಂದ ಗಾಳಿ ಊದುವುದು ಕಡ್ಡಾಯ ಶಾಸ್ತ್ರವಾಗಿತ್ತು. (ಊದುವುದರಿಂದ ಲಾಭವಿರಲಿಲ್ಲ, ಉಸಿರಿನ ತೇವದಿಂದ ಲೋಹದ ಪಟ್ಟಿಗಳಿಗೆ ಹಾನಿಯೇ ಹೆಚ್ಚು.)

ಆ ಯಂತ್ರಗಳಲ್ಲಿ ಬಹಳಷ್ಟು ಇಂದು ನಿರುಪಯುಕ್ತ. ಆದರೆ ಕಂಟ್ರೋಲರ್‌ಗಳ ಕಥೆ ಬೇರೆ. ಒಂದು ಚಿಪ್, ಎಂಟು ಗುಂಡಿ, ಐದು ತಂತಿ; ಕೆಡುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಸ್ವಲ್ಪ ತಾಳ್ಮೆಯಿದ್ದರೆ ಅದನ್ನು ಇಂದಿನ ಗಣಕಕ್ಕೆ ಜೋಡಿಸಬಹುದು. ಆಟಕ್ಕೆ ಮಾತ್ರವಲ್ಲ, ಕೈಬೆರಳುಗಳು ಸ್ವಾಧೀನದಲ್ಲಿಲ್ಲದವರು ಗಣಕ ಬಳಸುವುದಕ್ಕೂ ಅದು ನೆರವಾಗುತ್ತದೆ. ಆದರೆ ಒಂದು ತಂತಿ ತಪ್ಪು ಜಾಗಕ್ಕೆ ಹೋದರೆ ಹಳೆಯ ಆಟಿಕೆಯ ಜೊತೆಗೆ ಗಣಕದ ಮದರ್‌ಬೋರ್ಡೂ ಹೋದೀತು. ಆದ್ದರಿಂದ ಈ ಲೇಖನ ಎಚ್ಚರಿಕೆಯಿಂದಲೇ ಆರಂಭವಾಗುತ್ತದೆ.

ಆಕಾರ ನೋಡಿ ಮೋಸಹೋಗದಿರಿ

ಫ್ಯಾಮಿಕಾಮ್ ಪಡಿಯಚ್ಚುಗಳ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವುಗಳ ತುದಿಯಲ್ಲಿ 9 ರಂಧ್ರಗಳ, ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರದ ಪ್ಲಗ್ ಇರುತ್ತದೆ. ಹಳೆಯ ಗಣಕಗಳ ಹಿಂಬದಿಯಲ್ಲಿರುವ ಸೀರಿಯಲ್ ಪೋರ್ಟ್ ಸಹ 9 ಪಿನ್ನುಗಳದ್ದೇ, ಅದೇ ಆಕಾರದ್ದೇ. ಎರಡೂ ಒಂದಕ್ಕೊಂದು ಸಲೀಸಾಗಿ ಕೂರುತ್ತವೆ. ಆದರೆ ಸೀರಿಯಲ್ ಪೋರ್ಟಿನಲ್ಲಿ ಹರಿಯುವುದು ಧನ ಮತ್ತು ಋಣ 12 ವೋಲ್ಟ್‌ಗಳ ಆಸುಪಾಸಿನ ಸಂಕೇತ. ಕಂಟ್ರೋಲರ್ ನಿರೀಕ್ಷಿಸುವುದು 5 ವೋಲ್ಟ್. ಚುಚ್ಚಿ ನೋಡಿದರೆ ಕೆಲಸವಂತೂ ಆಗದು, ಚಿಪ್ ಸುಡಬಹುದು.

ಸೆಗಾ ಮೆಗಾಡ್ರೈವ್ ಯಂತ್ರದ ಕಂಟ್ರೋಲರ್ ಕೂಡ 9 ರಂಧ್ರಗಳದ್ದೇ. 1977ರ ಅಟಾರಿ ಜಾಯ್‌ಸ್ಟಿಕ್ ಸಹ ಹಾಗೆಯೇ. ಆದರೆ ಒಳಗಿನ ವ್ಯವಸ್ಥೆ ಮೂರರದ್ದೂ ಮೂರು ಬಗೆ. ಅಟಾರಿಯಲ್ಲಿ ಚಿಪ್ಪೇ ಇಲ್ಲ, ಬರೀ ಐದು ಸ್ವಿಚ್ಚುಗಳು. ಮೆಗಾಡ್ರೈವ್‌ನಲ್ಲಿ ಒಂದೇ ತಂತಿಯಲ್ಲಿ ಎರಡು ಗುಂಡಿಗಳ ಸುದ್ದಿಯನ್ನು ಸರದಿಯಂತೆ ಕಳುಹಿಸುವ ಚಿಪ್ ಇದೆ. ಅದರ 5ನೆಯ ಪಿನ್ನಿಗೆ ವಿದ್ಯುತ್, 8ಕ್ಕೆ ಗ್ರೌಂಡ್, 7ರಿಂದ ‘ಈಗ ಯಾವ ಗುಂಡಿ’ ಎಂಬ ಆಯ್ಕೆ. ಪಡಿಯಚ್ಚುಗಳಲ್ಲಿ ಸಾಮಾನ್ಯವಾಗಿ 6ನೆಯದು ವಿದ್ಯುತ್, 8 ಗ್ರೌಂಡ್, 2 ಮಾಹಿತಿ, 3 ಲ್ಯಾಚ್, 4 ಕ್ಲಾಕ್. ‘ಸಾಮಾನ್ಯವಾಗಿ’ ಎಂಬ ಪದಕ್ಕೆ ಅಡಿಗೆರೆ ಎಳೆದುಕೊಳ್ಳಿ. ಈ ಯಂತ್ರಗಳನ್ನು ತಯಾರಿಸಿದ ಕಾರ್ಖಾನೆಗಳು ಒಂದೇ ಕಟ್ಟುಪಾಡಿಗೆ ಒಳಪಟ್ಟಿರಲಿಲ್ಲ. ತಂತಿಗಳ ಬಣ್ಣವನ್ನಂತೂ ನಂಬಲೇಬಾರದು. ಕೆಂಪು ತಂತಿ ಗ್ರೌಂಡಿಗೆ ಹೋಗಿರುವುದೂ ಉಂಟು. ಕಂಟ್ರೋಲರ್‌ನ ತಿರುಪುಗಳನ್ನು ಬಿಚ್ಚಿ, ಮಲ್ಟಿಮೀಟರನ್ನು ಸಂಪರ್ಕ ಪರೀಕ್ಷೆಗೆ ತಿರುಗಿಸಿಟ್ಟು, ಒಳಗಿನ ಯಾವ ತಂತಿ ಹೊರಗಿನ ಯಾವ ರಂಧ್ರಕ್ಕೆ ಬಂದಿದೆ ಎಂದು ಕಾಗದದ ಮೇಲೆ ಬರೆದುಕೊಂಡ ನಂತರವೇ ಮುಂದಿನ ಹೆಜ್ಜೆ.

ಎಂಟು ಗುಂಡಿ, ಒಂದೇ ತಂತಿ

ಎಂಟು ಗುಂಡಿಗಳಿದ್ದರೂ ಮಾಹಿತಿಯ ತಂತಿ ಒಂದೇ ಏಕೆ? ನಿಂಟೆಂಡೊ ಕಂಟ್ರೋಲರ್‌ನ ಹೃದಯಭಾಗದಲ್ಲಿ ಇರುವುದು 4021 ಎಂಬ ಸಂಖ್ಯೆಯ ಶಿಫ್ಟ್ ರಿಜಿಸ್ಟರ್ ಚಿಪ್. ಇದು ಆಟಕ್ಕೆಂದೇ ತಯಾರಾದದ್ದಲ್ಲ. ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಸರಕು. ಅದರ ಕೆಲಸವನ್ನು ಶಾಲೆಯ ಹಾಜರಿ ಪುಸ್ತಕಕ್ಕೆ ಹೋಲಿಸಬಹುದು. ಯಂತ್ರವು ಲ್ಯಾಚ್ ತಂತಿಯಲ್ಲಿ ಒಂದು ಸಂಕೇತ ಕಳುಹಿಸಿದ ಕ್ಷಣ ಎಂಟೂ ಗುಂಡಿಗಳ ಸ್ಥಿತಿ ಒಟ್ಟಿಗೆ ದಾಖಲಾಗುತ್ತದೆ. ನಂತರ ಕ್ಲಾಕ್ ತಂತಿಯಲ್ಲಿ ಬರುವ ಒಂದೊಂದು ಮಿಡಿತಕ್ಕೂ ಒಂದೊಂದು ಹೆಸರು ಕೂಗಿದಂತೆ ಮಾಹಿತಿ ಹೊರಬರುತ್ತದೆ. ಕ್ರಮ ಯಾವಾಗಲೂ ಒಂದೇ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಒತ್ತಿದ ಗುಂಡಿಗೆ ಸೊನ್ನೆ, ಒತ್ತದ ಗುಂಡಿಗೆ ಒಂದು. ಮೊದಮೊದಲು ಇದು ತಲೆಕೆಳಗಾಗಿ ಕಂಡೀತು, ಆದರೆ ಗುಂಡಿ ಒತ್ತಿದಾಗ ತಂತಿ ಗ್ರೌಂಡಿಗೆ ಸೇರುತ್ತದೆಂಬುದು ನೆನಪಿದ್ದರೆ ಗೊಂದಲವಿಲ್ಲ.

ಆಟ ನಡೆಯುವಾಗ ಸಾಮಾನ್ಯವಾಗಿ ಚಿತ್ರದ ಪ್ರತಿ ಚೌಕಟ್ಟಿಗೆ ಒಮ್ಮೆ ಈ ಹಾಜರಿ ನಡೆಯುತ್ತದೆ. ನಂತರ ಬಂದ ಸೂಪರ್ ನಿಂಟೆಂಡೊ ಕಂಟ್ರೋಲರ್ ಇದೇ ಪದ್ಧತಿಯನ್ನು 16 ಮಿಡಿತಗಳಿಗೆ ಹಿಗ್ಗಿಸಿಕೊಂಡಿತು. ಅದರಲ್ಲಿ ಗುಂಡಿಗಳು 12, ಉಳಿದ ನಾಲ್ಕು ಮಿಡಿತಗಳು ಖಾಲಿ. ಅಗ್ಗದ ಪಡಿಯಚ್ಚುಗಳಲ್ಲಿ 4021 ಚಿಪ್ ಕಣ್ಣಿಗೆ ಬೀಳದು. ಅದರ ಬದಲು ಬೋರ್ಡಿನ ಮೇಲೆ ಡಾಂಬರಿನ ಹನಿಯಂಥ ಕಪ್ಪು ಗುಳ್ಳೆಯಿರುತ್ತದೆ. ಚಿಪ್ ಅದರೊಳಗಿದೆ, ಭಾಷೆ ಅದೇ. ‘ಟರ್ಬೊ’ ಗುಂಡಿಗಳಿದ್ದರೆ ಅವು ಎ, ಬಿ ಗುಂಡಿಗಳನ್ನೇ ಪದೇ ಪದೇ ಒತ್ತಿ ಬಿಟ್ಟಂತೆ ನಟಿಸುತ್ತವೆ, ಅಷ್ಟೆ.

ಪ್ರಿಂಟರ್ ಪೋರ್ಟಿನ ಕಾಲ

ಈ ಸರಳತೆಯೇ ಹವ್ಯಾಸಿಗಳನ್ನು ಸೆಳೆದದ್ದು. ತೊಂಬತ್ತರ ದಶಕದ ಕೊನೆಯಲ್ಲಿ ಗಣಕದ ಪ್ರಿಂಟರ್ ಪೋರ್ಟಿಗೆ ಇಂಥ ಕಂಟ್ರೋಲರ್‌ಗಳನ್ನು ನೇರವಾಗಿ ಬೆಸೆಯುವ ವಿಧಾನ ಜನಪ್ರಿಯವಾಯಿತು. ಡಾಸ್‌ನಲ್ಲಿ ಸ್ನೆಸ್‌ಕೀ, ವಿಂಡೋಸ್ 95 ಮತ್ತು 98ರಲ್ಲಿ ಡೈರೆಕ್ಟ್‌ಪ್ಯಾಡ್ ಪ್ರೊ, ವಿಂಡೋಸ್ 2000 ಹಾಗೂ ಎಕ್ಸ್‌ಪಿಯಲ್ಲಿ ಪಿಪಿಜಾಯ್ ಎಂಬ ಚಾಲಕ ತಂತ್ರಾಂಶಗಳು ಆ ಕಾಲದ ಹೆಸರುಗಳು. ಲಿನಕ್ಸ್‌ಗೆ ವೊಯ್ಟೆಕ್ ಪಾವ್ಲಿಕ್ ಬರೆದ ಗೇಮ್‌ಕಾನ್ ಎಂಬ ಚಾಲಕ ಸ್ವತಃ ಕರ್ನೆಲ್‌ನ ಭಾಗವಾಯಿತು. ಅದರ ಏರ್ಪಾಡಿನಲ್ಲಿ ಪೋರ್ಟಿನ 2ನೆಯ ಪಿನ್ನಿನಿಂದ ಕ್ಲಾಕ್, 3ರಿಂದ ಲ್ಯಾಚ್, ಮೊದಲ ಕಂಟ್ರೋಲರ್‌ನ ಮಾಹಿತಿ 10ಕ್ಕೆ. ವಿದ್ಯುತ್ತಿಗೂ ಪ್ರತ್ಯೇಕ ವ್ಯವಸ್ಥೆಯಿಲ್ಲ. ಬಳಕೆಯಿಲ್ಲದ ಮಾಹಿತಿ ಪಿನ್ನುಗಳಿಂದ ಡಯೋಡ್‌ಗಳ ಮೂಲಕ ಹನಿಹನಿಯಾಗಿ ಸಂಗ್ರಹಿಸಿದ ವಿದ್ಯುತ್ತೇ ಸಾಕಾಗುತ್ತಿತ್ತು.

ಧ್ವನಿ ಕಾರ್ಡುಗಳ ಮೇಲಿದ್ದ 15 ರಂಧ್ರಗಳ ಗೇಮ್ ಪೋರ್ಟ್ ಇದಕ್ಕೆ ಒಗ್ಗಲಿಲ್ಲ. 1981ರಲ್ಲಿ ಐಬಿಎಂ ರೂಪಿಸಿದ ಆ ಪೋರ್ಟ್ ಅಳೆಯುತ್ತಿದ್ದುದು ರೋಧದ ಏರಿಳಿತವನ್ನು. ಅದು ನಿಜವಾದ ಜಾಯ್‌ಸ್ಟಿಕ್‌ಗಳಿಗಾಗಿ ಇದ್ದದ್ದು. ವಿಂಡೋಸ್ ವಿಸ್ಟಾ ಬಂದಾಗ ಅದಕ್ಕಿದ್ದ ಬೆಂಬಲವೂ ನಿಂತಿತು.

ಇಂದಿನ ಗಣಕಗಳಲ್ಲಿ ಪ್ರಿಂಟರ್ ಪೋರ್ಟೇ ಅಪರೂಪ. ‘ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟ್’ ಎಂದು ಮಾರಾಟವಾಗುವ ಕೇಬಲ್ ತಂದು ಹಳೆಯ ವಿಧಾನವನ್ನೇ ಅನುಸರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ಆ ಕೇಬಲ್‌ಗೆ ಪ್ರಿಂಟರ್‌ನೊಡನೆ ಮಾತ್ರ ಮಾತನಾಡಲು ಬರುತ್ತದೆ. ಒಂದೊಂದು ಪಿನ್ನನ್ನು ಪ್ರತ್ಯೇಕವಾಗಿ ಏರಿಸಿ ಇಳಿಸುವ ಅವಕಾಶ ಅದರಲ್ಲಿಲ್ಲ. ಹಣ ವ್ಯರ್ಥ.

ಈಗಿನ ದಾರಿ

ಈಗ ಕಂಟ್ರೋಲರ್ ಮತ್ತು ಗಣಕದ ನಡುವೆ ಒಬ್ಬ ದುಭಾಷಿ ಬೇಕು. ಒಂದು ಕಡೆ 4021ರ ಹಾಜರಿ ಕೂಗುತ್ತ, ಇನ್ನೊಂದು ಕಡೆ ಯುಎಸ್‌ಬಿ ಭಾಷೆಯಲ್ಲಿ ‘ನಾನೊಂದು ಗೇಮ್ ಪ್ಯಾಡ್’ ಎಂದು ಗಣಕಕ್ಕೆ ಪರಿಚಯಿಸಿಕೊಳ್ಳುವ ಪುಟ್ಟ ಮೈಕ್ರೊಕಂಟ್ರೋಲರ್ ಬೋರ್ಡ್ ಆ ದುಭಾಷಿ. ಯುಎಸ್‌ಬಿಯಲ್ಲಿ ಕೀಲಿಮಣೆ, ಮೌಸ್, ಗೇಮ್ ಪ್ಯಾಡ್‌ಗಳಿಗೆಂದೇ ಎಚ್‌ಐಡಿ ಎಂಬ ಸಾಮಾನ್ಯ ವರ್ಗವಿದೆ. ಅದರಂತೆ ನಡೆದುಕೊಳ್ಳುವ ಸಾಧನಕ್ಕೆ ವಿಂಡೋಸ್‌ನಲ್ಲಾಗಲಿ ಲಿನಕ್ಸ್‌ನಲ್ಲಾಗಲಿ ಪ್ರತ್ಯೇಕ ಚಾಲಕ ತಂತ್ರಾಂಶ ಬೇಡ.

ಬೋರ್ಡ್ ಆಯ್ಕೆಯಲ್ಲಿ ಹಲವರು ಎಡವುವುದುಂಟು. ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಆರ್ಡುಯಿನೊ ಯುನೊ ಈ ಕೆಲಸಕ್ಕೆ ಸುಲಭವಲ್ಲ. ಅದರ ಮುಖ್ಯ ಚಿಪ್‌ಗೆ ನೇರವಾಗಿ ಯುಎಸ್‌ಬಿ ಗೊತ್ತಿಲ್ಲ. ಬೇಕಾದದ್ದು ಎಟಿಮೆಗಾ 32ಯು4 ಚಿಪ್ ಇರುವ ಆರ್ಡುಯಿನೊ ಲಿಯೊನಾರ್ಡೊ ಅಥವಾ ಅದರ ಕಿರಿಯ ಸೋದರನಂತಿರುವ ಪ್ರೊ ಮೈಕ್ರೊ. 2021ರಲ್ಲಿ 4 ಡಾಲರ್ ಬೆಲೆಗೆ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಪಿಕೊ ಕೂಡ ಆಗುತ್ತದೆ. ಆದರೆ ಪಿಕೊದ ಪಿನ್ನುಗಳು 3.3 ವೋಲ್ಟ್‌ಗಿಂತ ಹೆಚ್ಚನ್ನು ಸಹಿಸವು. ಅದನ್ನು ಬಳಸುವುದಾದರೆ ಕಂಟ್ರೋಲರ್‌ಗೂ 3.3 ವೋಲ್ಟನ್ನೇ ಕೊಡಬೇಕು. 4021 ಚಿಪ್ 3 ವೋಲ್ಟ್‌ನಿಂದಲೇ ಕೆಲಸ ಆರಂಭಿಸುವುದರಿಂದ ತೊಂದರೆಯಿಲ್ಲ.

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಿದೆ, ಅರ್ಧ ಗಂಟೆಯಲ್ಲಿ ಎಲ್ಲವೂ ಕೈಗೆ ಸಿಗುತ್ತದೆ. ಸತ್ತಿಯಂಥ ಊರಿನ ಹುಡುಗ ಅಥಣಿಗೆ, ಅಲ್ಲಿಯೂ ಸಿಗದಿದ್ದರೆ ಮಿರಜಕ್ಕೋ ಬೆಳಗಾವಿಗೋ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಿಕೊಳ್ಳಬೇಕು. ಆದ್ದರಿಂದ ಪಟ್ಟಿ ಒಮ್ಮೆಲೇ ಸರಿಯಾಗಿರಲಿ: ಬೋರ್ಡ್, ಮಾಹಿತಿ ಸಾಗಿಸುವ ಯುಎಸ್‌ಬಿ ಕೇಬಲ್ (ಬರೀ ಚಾರ್ಜ್ ಮಾಡುವ ಕೇಬಲ್ ತಂದು ಬೋರ್ಡೇ ಕೆಟ್ಟಿದೆ ಎಂದು ದೂರುವವರು ಬಹಳ), ಮಲ್ಟಿಮೀಟರ್, ಸಣ್ಣ ತುದಿಯ ಸಾಲ್ಡರಿಂಗ್ ಐರನ್, ಸಾಲ್ಡರ್ ತಂತಿ, 9 ಪಿನ್ನಿನ ಗಂಡು ಕನೆಕ್ಟರ್. ಕೊನೆಯದರ ಉಪಯೋಗವೆಂದರೆ ಕಂಟ್ರೋಲರ್‌ನ ಮೂಲ ಪ್ಲಗ್ ಕತ್ತರಿಸಬೇಕಾಗಿಲ್ಲ. ಒಂದೇ ಬೋರ್ಡಿಗೆ ಬೇರೆ ಬೇರೆ ಕಂಟ್ರೋಲರ್‌ಗಳನ್ನು ಬದಲಿಸಿ ಬದಲಿಸಿ ಹಾಕಬಹುದು.

ಜೋಡಣೆಯಲ್ಲಿ ವಿದ್ಯುತ್ ಮತ್ತು ಗ್ರೌಂಡ್ ತಮ್ಮ ತಮ್ಮ ಜಾಗಕ್ಕೆ ಹೋಗುತ್ತವೆ. ಲ್ಯಾಚ್, ಕ್ಲಾಕ್, ಮಾಹಿತಿ ಮೂರೂ ಬೋರ್ಡಿನ ಯಾವುದಾದರೂ ಮೂರು ಪಿನ್ನುಗಳಿಗೆ. ಪ್ರೋಗ್ರಾಂ ಇಪ್ಪತ್ತು ಮೂವತ್ತು ಸಾಲುಗಳ ಮೇಲೆ ಹೋಗದು. ಲ್ಯಾಚನ್ನು ಸುಮಾರು 12 ಮೈಕ್ರೊಸೆಕೆಂಡ್ ಏರಿಸಿ ಇಳಿಸುವುದು, ಮೊದಲ ಗುಂಡಿಯ ಸ್ಥಿತಿ ಓದುವುದು, ಕ್ಲಾಕನ್ನು ಒಮ್ಮೆ ಮಿಡಿಸಿ ಮುಂದಿನದನ್ನು ಓದುವುದು, ಹೀಗೆ ಎಂಟು ಮುಗಿದ ಮೇಲೆ ಫಲಿತಾಂಶವನ್ನು ಗಣಕಕ್ಕೆ ಒಪ್ಪಿಸುವುದು. ಲ್ಯಾಚ್ ಇಳಿದ ಕೂಡಲೇ ಮೊದಲ ಗುಂಡಿಯ ಮಾಹಿತಿ ಸಿದ್ಧವಾಗಿರುತ್ತದೆ, ಅದಕ್ಕಾಗಿ ಕ್ಲಾಕ್ ಮಿಡಿಸಬೇಕಾಗಿಲ್ಲ. ಇದನ್ನು ಮರೆತರೆ ಗುಂಡಿಗಳೆಲ್ಲ ಒಂದೊಂದು ಸ್ಥಾನ ಸರಿದು, ಎ ಒತ್ತಿದರೆ ಏನೂ ಆಗದೆ ಬಿ ಒತ್ತಿದರೆ ಎ ಎಂದು ತೋರಿಸುತ್ತದೆ. ಮಾಹಿತಿಯ ಪಿನ್ನಿಗೆ ಬೋರ್ಡಿನೊಳಗಿನ ಪುಲ್‌ಅಪ್ ರೋಧವನ್ನು ಚಾಲನೆಗೊಳಿಸಿದ್ದರೆ ಕಂಟ್ರೋಲರ್ ಕಳಚಿದಾಗ ಗುಂಡಿಗಳು ತಾವಾಗಿಯೇ ಒತ್ತಿಕೊಂಡಂತೆ ವರ್ತಿಸುವುದಿಲ್ಲ. ಗಣಕಕ್ಕೆ ಗೇಮ್ ಪ್ಯಾಡ್ ಆಗಿ ಕಾಣಿಸಿಕೊಳ್ಳುವ ಭಾಗಕ್ಕೆ ಮ್ಯಾಥ್ಯೂ ಹೈರಾನಿಮಸ್ ಬರೆದು ಮುಕ್ತವಾಗಿ ಹಂಚಿರುವ ಆರ್ಡುಯಿನೊ ಜಾಯ್‌ಸ್ಟಿಕ್ ಲೈಬ್ರರಿ ಇದೆ.

ವೇಗದ ಬಗ್ಗೆ ಒಂದು ಮಾತು. ಹಳೆಯ ಹವ್ಯಾಸಿ ವಿನ್ಯಾಸಗಳಲ್ಲಿ ಎಟಿಮೆಗಾ 8ರಂಥ ಚಿಪ್‌ಗಳಿಗೆ ತಂತ್ರಾಂಶದಿಂದಲೇ ಯುಎಸ್‌ಬಿ ಕಲಿಸುತ್ತಿದ್ದರು. ಅದು ಯುಎಸ್‌ಬಿಯ ನಿಧಾನಗತಿಯ ಬಗೆ. ನಿಯಮದ ಪ್ರಕಾರ ಅದರಲ್ಲಿ ಗಣಕ 10 ಮಿಲಿಸೆಕೆಂಡಿಗೊಮ್ಮೆ ಮಾತ್ರ ವಿಚಾರಿಸುತ್ತದೆ. ಮೇಲೆ ಹೇಳಿದ ಹೊಸ ಬೋರ್ಡುಗಳು 1 ಮಿಲಿಸೆಕೆಂಡಿಗೊಮ್ಮೆ ಉತ್ತರಿಸಬಲ್ಲವು. ಜಿಗಿಯುವ ಆಟಗಳಲ್ಲಿ ಈ ಅಂತರ ಕೈಗೆ ತಿಳಿಯುತ್ತದೆ.

ಪ್ಲೇಸ್ಟೇಷನ್ ಬಳಗ

2000ದಲ್ಲಿ ಬಂದ ಪ್ಲೇಸ್ಟೇಷನ್ 2 ಯಂತ್ರದ ಉತ್ಪಾದನೆ ನಿಂತದ್ದು 2013ರಲ್ಲಿ. ಅದರ ಕಂಟ್ರೋಲರ್‌ಗೆ ಬೆಸುಗೆಯ ಕೆಲಸವೇ ಬೇಡ. ಯುಎಸ್‌ಬಿಗೆ ಪರಿವರ್ತಿಸುವ ಸಿದ್ಧ ಅಡಾಪ್ಟರ್‌ಗಳು ಅಗ್ಗವಾಗಿ ದೊರೆಯುತ್ತವೆ, ಕೆಲವಕ್ಕೆ ಎರಡು ಕಂಟ್ರೋಲರ್ ಹಾಕಬಹುದು. ಆದರೆ ಅಗ್ಗದ ಅಡಾಪ್ಟರ್‌ಗಳಿಗೆ ಮಿತಿಗಳಿವೆ. ಡ್ಯುಯಲ್‌ಶಾಕ್ 2ರ ಗುಂಡಿಗಳು ಎಷ್ಟು ಬಲವಾಗಿ ಒತ್ತಲಾಗಿದೆ ಎಂಬುದನ್ನೂ ಅಳೆಯುತ್ತವೆ. ಅಡಾಪ್ಟರ್ ದಾಟುವಾಗ ಆ ಮಾಹಿತಿ ಬಹುತೇಕ ಕಳೆದುಹೋಗುತ್ತದೆ. ನೃತ್ಯದ ಚಾಪೆಯನ್ನು ಜೋಡಿಸುವವರಿಗೆ ಇನ್ನೊಂದು ಸಮಸ್ಯೆ: ಎಡ ಮತ್ತು ಬಲ ಒಟ್ಟಿಗೆ ತುಳಿದಾಗ ಕೆಲವು ಅಡಾಪ್ಟರ್‌ಗಳು ಎರಡನ್ನೂ ರದ್ದು ಮಾಡಿಬಿಡುತ್ತವೆ.

ಸ್ವತಃ ಮಾಡುವವರಿಗೆ ಹೇಳುವುದಾದರೆ, ಇದರ ಒಂಬತ್ತು ಸಂಪರ್ಕಗಳಲ್ಲಿ ಮೂರನೆಯದು ಕಂಪನದ ಮೋಟಾರಿಗೆ ಸುಮಾರು 7.5 ವೋಲ್ಟ್ ಒಯ್ಯುತ್ತದೆ, ಐದನೆಯದು ಚಿಪ್‌ಗೆ 3.3 ವೋಲ್ಟ್. ಎರಡನ್ನೂ ಅದಲುಬದಲು ಮಾಡಬೇಡಿ. ಮಾಹಿತಿಯ ತಂತಿಗೆ ಪುಲ್‌ಅಪ್ ರೋಧ ಇಲ್ಲದಿದ್ದರೆ ಓದುವಿಕೆ ತಪ್ಪುತ್ತದೆ.

ಎಕ್ಸ್‌ಬಾಕ್ಸ್‌ನದ್ದು ಸ್ವಾರಸ್ಯದ ಸಂಗತಿ. 2001ರ ಮೊದಲ ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಳಗಿನಿಂದ ಯುಎಸ್‌ಬಿ ಸಾಧನವೇ. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಕೆಂಪು, ಬಿಳಿ, ಹಸಿರು, ಕಪ್ಪು ತಂತಿಗಳನ್ನು ಸಾಮಾನ್ಯ ಯುಎಸ್‌ಬಿ ಕೇಬಲ್‌ನ ಅವೇ ಬಣ್ಣಗಳಿಗೆ ಸೇರಿಸಿ, ಐದನೆಯ ಹಳದಿ ತಂತಿಯನ್ನು ಟೇಪು ಸುತ್ತಿ ಬಿಟ್ಟರೆ ಮುಗಿಯಿತು. ಲಿನಕ್ಸ್‌ನ ಎಕ್ಸ್‌ಪ್ಯಾಡ್ ಚಾಲಕ ಅದನ್ನು ಗುರುತಿಸುತ್ತದೆ. ತಂತಿಯಿರುವ ಎಕ್ಸ್‌ಬಾಕ್ಸ್ 360 ಕಂಟ್ರೋಲರ್‌ಗೆ ಇಷ್ಟೂ ಬೇಕಿಲ್ಲ, ಚುಚ್ಚಿದರೆ ಸಾಕು.

ಹೂಳು, ತೇವ, ಗುಂಡಿ

2005, 2019 ಮತ್ತು 2021ರಲ್ಲಿ ಕೃಷ್ಣೆ ಉಕ್ಕಿದಾಗ ಅಥಣಿ, ರಾಯಬಾಗ, ಚಿಕ್ಕೋಡಿ ಭಾಗದ ನದಿತೀರದ ಊರುಗಳಿಗೆ ನೀರು ಬಂತು. ನೀರಲ್ಲಿ ನೆನೆದ ಟಿ.ವಿ., ಟೇಪ್ ರೆಕಾರ್ಡರ್‌ಗಳನ್ನು ಉಳಿಸುವುದು ಕಷ್ಟ. ಕಂಟ್ರೋಲರ್ ಮಾತ್ರ ಮುಳುಗಿ ಎದ್ದರೂ ಬದುಕುವ ಜಾತಿಯದು. ಮಾಡಬಾರದ ಒಂದೇ ಕೆಲಸವೆಂದರೆ ‘ನಡೆಯುತ್ತದೆಯೇ ನೋಡೋಣ’ ಎಂದು ಒದ್ದೆಯಿರುವಾಗಲೇ ವಿದ್ಯುತ್ ಕೊಡುವುದು. ಬಿಚ್ಚಿ, ಹೂಳನ್ನು ಶುದ್ಧ ನೀರಿನಲ್ಲಿ ಮೆತ್ತಗಿನ ಬ್ರಷ್‌ನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಬೋರ್ಡನ್ನು ಒರೆಸಿ, ನೆರಳಿನಲ್ಲಿ ಎರಡು ಮೂರು ದಿನ ಒಣಗಿಸಬೇಕು.

ಗುಂಡಿಯ ಕೆಳಗಿರುವ ರಬ್ಬರ್ ಹಾಳೆಯ ಕಪ್ಪು ಚುಕ್ಕೆಗಳೇ ವಿದ್ಯುತ್ ಸಂಪರ್ಕ ಏರ್ಪಡಿಸುವಂಥವು. ಇವನ್ನೂ ಬೋರ್ಡಿನ ಕಪ್ಪು ಇಂಗಾಲದ ಪಟ್ಟಿಗಳನ್ನೂ ಉಪ್ಪುಕಾಗದದಿಂದ ಉಜ್ಜುವ ಅಭ್ಯಾಸ ಕೆಲವು ರಿಪೇರಿಯವರಲ್ಲಿದೆ. ಉಜ್ಜಿದರೆ ಇಂಗಾಲದ ಪದರವೇ ಹೋಗುತ್ತದೆ. ಸವೆದ ಚುಕ್ಕೆಯ ಮೇಲೆ ಮೆತ್ತನೆಯ ಪೆನ್ಸಿಲ್ಲಿನಿಂದ ದಟ್ಟವಾಗಿ ಗೀಚಿದರೆ ಕೆಲವು ತಿಂಗಳ ಮಟ್ಟಿಗಾದರೂ ಗುಂಡಿ ಮರಳಿ ಮಾತು ಕೇಳುತ್ತದೆ.

ಬೆರಳು ಮಣಿಯದವರಿಗೆ

ಈ ವಿಷಯಕ್ಕೆ ಹೆಚ್ಚು ಗಮನ ಸಿಗಬೇಕಿತ್ತೆಂಬುದು ಈ ಲೇಖಕನ ಅಭಿಪ್ರಾಯ. ಮೈಕ್ರೊಸಾಫ್ಟ್ 2018ರಲ್ಲಿ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ಎಂಬ ಸಾಧನ ಹೊರತಂದಿತು. ಎರಡು ದೊಡ್ಡ ಗುಂಡಿಗಳ ಜೊತೆಗೆ ಅದರ ಹಿಂಬದಿಯಲ್ಲಿ 3.5 ಮಿ.ಮೀ. ಜ್ಯಾಕ್‌ಗಳ ಸಾಲೇ ಇದೆ. ಪ್ರತಿಯೊಂದಕ್ಕೂ ಕಾಲಿನಿಂದಲೋ ಮೊಣಕೈಯಿಂದಲೋ ಗಲ್ಲದಿಂದಲೋ ಒತ್ತಬಹುದಾದ ಹೊರಗಿನ ಸ್ವಿಚ್ ಚುಚ್ಚಬಹುದು. ಉತ್ತಮ ಸಾಧನ. ಆದರೆ ನಮ್ಮ ಮಧ್ಯಮ ವರ್ಗದ ಮನೆಗೆ ಅದರ ಬೆಲೆ ದುಬಾರಿ, ಹಳ್ಳಿಯ ಮನೆಗೆ ಕೇಳುವುದೇ ಬೇಡ.

ಅದೇ ತತ್ತ್ವವನ್ನು ಅಟ್ಟದ ಮೇಲಿನ ಕಂಟ್ರೋಲರ್‌ನಲ್ಲಿ ಅಳವಡಿಸಿಕೊಳ್ಳಲು ಸಾಧ್ಯವಿದೆ. ಗುಂಡಿ ಒತ್ತುವುದೆಂದರೆ ಎರಡು ಪಟ್ಟಿಗಳನ್ನು ಸೇರಿಸುವುದು ಮಾತ್ರ ಎಂದು ಮೇಲೆ ನೋಡಿದೆವು. ಆ ಎರಡು ಪಟ್ಟಿಗಳಿಂದ ಎರಡು ಸಣ್ಣ ತಂತಿಗಳನ್ನು ಹೊರತಂದು ಧ್ವನಿಯ ಮೊನೊ ಜ್ಯಾಕಿಗೆ ಬೆಸೆದರೆ, ಅಂಗೈ ಅಗಲದ ಯಾವ ಒತ್ತುಗುಂಡಿಯೂ ಆ ಗುಂಡಿಯ ಕೆಲಸ ಮಾಡುತ್ತದೆ. ಇಂಗಾಲದ ಪಟ್ಟಿಗೆ ಸಾಲ್ಡರ್ ಅಂಟುವುದಿಲ್ಲ. ಪಟ್ಟಿಯಿಂದ ಹೊರಟ ತಾಮ್ರದ ದಾರಿಯ ಮೇಲಿನ ಹಸಿರು ಲೇಪವನ್ನು ನವಿರಾಗಿ ಕೆರೆದು ಅಲ್ಲಿ ಬೆಸೆಯಬೇಕು. ಒಂದು ಕಂಟ್ರೋಲರ್‌ನಲ್ಲಿ ಎಂಟು ಗುಂಡಿ, ಅಂದರೆ ಎಂಟು ಸ್ವಿಚ್ಚು.

ಉಳಿದದ್ದು ತಂತ್ರಾಂಶದ ಕೆಲಸ. ವಿಂಡೋಸ್‌ನಲ್ಲಿ ಜಾಯ್‌ಟುಕೀ, ಲಿನಕ್ಸ್ ಮತ್ತು ವಿಂಡೋಸ್ ಎರಡರಲ್ಲೂ ಮುಕ್ತ ತಂತ್ರಾಂಶವಾದ ಆ್ಯಂಟಿಮೈಕ್ರೊಎಕ್ಸ್, ಕಂಟ್ರೋಲರ್‌ನ ಗುಂಡಿಗಳನ್ನು ಕೀಲಿಮಣೆಯ ಕೀಲಿಗಳಾಗಿ ಅಥವಾ ಮೌಸ್‌ನ ಚಲನೆಯಾಗಿ ಬದಲಿಸುತ್ತವೆ. ನಾಲ್ಕು ದಿಕ್ಕಿನ ಗುಂಡಿಗಳಿಂದ ಮೌಸ್ ಬಾಣ ಓಡಾಡಿಸಿ, ಎ ಗುಂಡಿಯಿಂದ ಕ್ಲಿಕ್ಕಿಸಿ, ಪರದೆಯ ಮೇಲಿನ ಕೀಲಿಮಣೆಯನ್ನು ತೆರೆದಿಟ್ಟುಕೊಂಡರೆ ಕನ್ನಡದಲ್ಲಿಯೇ ಬರೆಯಬಹುದು. ನಿಧಾನ, ನಿಜ. ಆದರೆ ಪತ್ರವೊಂದನ್ನು ಬರೆಯಲು ಇನ್ನೊಬ್ಬರ ಬಿಡುವಿಗಾಗಿ ಕಾಯುವವರಿಗೆ ನಿಧಾನ ಎಂಬುದು ದೊಡ್ಡ ದೂರೇನಲ್ಲ.

ಹೊಸ ಆಟಗಳನ್ನು ಆಡುವವರಿಗೆ ಬೇರೆಯದೇ ತೊಡಕು. 2005ರ ನಂತರ ಮೈಕ್ರೊಸಾಫ್ಟ್ ತಂದ ಎಕ್ಸ್‌ಇನ್‌ಪುಟ್ ಪದ್ಧತಿಯನ್ನು ಮಾತ್ರ ಒಪ್ಪುವ ಆಟಗಳಿಗೆ ನಿಮ್ಮ ಮನೆಯಲ್ಲಿ ತಯಾರಾದ ಗೇಮ್ ಪ್ಯಾಡ್ ಕಾಣಿಸುವುದೇ ಇಲ್ಲ. ಎಕ್ಸ್360ಸಿಇ ಎಂಬ ತಂತ್ರಾಂಶ ಅಥವಾ ಸ್ಟೀಮ್‌ನಲ್ಲಿಯೇ ಇರುವ ಕಂಟ್ರೋಲರ್ ಹೊಂದಾಣಿಕೆ ಅದನ್ನು ಎಕ್ಸ್‌ಬಾಕ್ಸ್ ಕಂಟ್ರೋಲರ್‌ನ ವೇಷದಲ್ಲಿ ಒಳಗೆ ಬಿಡುತ್ತವೆ.

ಹಳೆಯ ಆಟಗಳನ್ನು ಎಮ್ಯುಲೇಟರ್‌ನಲ್ಲಿ ಆಡುವ ಆಸೆಯಿದ್ದರೆ ಒಂದು ಮಾತು ನೆನಪಿರಲಿ. ಸ್ವಂತ ಕಂಟ್ರೋಲರನ್ನು ಗಣಕಕ್ಕೆ ಜೋಡಿಸಿಕೊಳ್ಳುವುದರಲ್ಲಿ ಕಾನೂನಿನ ತೊಡಕಿಲ್ಲ. ಆದರೆ ಆಟದ ಪ್ರತಿಯನ್ನು ಅಂತರಜಾಲದಿಂದ ಇಳಿಸಿಕೊಳ್ಳುವುದು ಬೇರೆಯೇ ವಿಷಯ. ಗಣಕದ ಪ್ರೋಗ್ರಾಂಗಳು 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆಗೆ ಒಳಪಟ್ಟಿವೆ. ಹವ್ಯಾಸಿಗಳು ಇಂದಿಗೂ ಈ ಯಂತ್ರಗಳಿಗಾಗಿ ಹೊಸ ಆಟಗಳನ್ನು ಬರೆದು ಉಚಿತವಾಗಿ ಹಂಚುತ್ತಿದ್ದಾರೆ, ಅವನ್ನು ನಿಶ್ಚಿಂತೆಯಿಂದ ಆಡಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಓದುಗರಿಂದ ಖಂಡಿತ ಬರುವ ಪ್ರಶ್ನೆಯೊಂದಿದೆ: ಬಾತುಕೋಳಿ ಹೊಡೆಯುತ್ತಿದ್ದ ಆ ಬಂದೂಕು? ಅದು ಸಾಧ್ಯವಿಲ್ಲ. ಬಂದೂಕಿನ ನಳಿಗೆಯಲ್ಲಿರುವುದು ಬೆಳಕನ್ನು ಗುರುತಿಸುವ ಒಂದು ಸಂವೇದಕ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿಯಿದ್ದ ಜಾಗ ಮಾತ್ರ ಬಿಳಿಯ ಚೌಕವಾಗುತ್ತದೆ. ಆ ಬೆಳಕು ಸರಿಯಾದ ಗಳಿಗೆಯಲ್ಲಿ ನಳಿಗೆಗೆ ಬಿದ್ದರೆ ಗುರಿ ಮುಟ್ಟಿದಂತೆ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ. ಗೆರೆಗೆರೆಯಾಗಿ, ತಡವಿಲ್ಲದೆ ಚಿತ್ರ ಬಿಡಿಸುತ್ತಿತ್ತು. ಎಲ್‌ಸಿಡಿ ಪರದೆಯಲ್ಲಿ ಆ ಮಿನುಗೂ ಇಲ್ಲ, ಆ ಕರಾರುವಾಕ್ಕಾದ ವೇಳೆಯೂ ಇಲ್ಲ. ಬಂದೂಕನ್ನು ಗಣಕಕ್ಕೆ ಎಷ್ಟು ಚೆನ್ನಾಗಿ ಬೆಸೆದರೂ ಅದು ಕುರುಡೇ. ಮನೆಯಲ್ಲಿ ಹಳೆಯ ಟ್ಯೂಬ್ ಟಿ.ವಿ. ಇನ್ನೂ ಉಳಿದಿದ್ದರೆ, ಯಂತ್ರವನ್ನು ಅದಕ್ಕೇ ಜೋಡಿಸಿ ಆಡಬೇಕು.